ಹತ್ತೂ ಸಲ ಒಂದೇ ಕಡೆಗೆ

ತಕ್ಕಡಿ ಅಂಗಡಿಯಿಂದ,
ತಾರೀಖು ಇಪ್ಪತ್ತೆರಡು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳಿಗೆ ಅಪ್ಪನ ನೂರೊಂದು ನೆನಪುಗಳು.

ಹೇಗಿದ್ದೀಯಮ್ಮಾ? ಆರೋಗ್ಯ ಸರಿಯಾಗಿದೆಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಅಥವಾ ಅಳತೆಯ ಕೆಲಸ ಮುಗಿಯಲಿ ಎಂದು ತಟ್ಟೆಗೆ ತಟ್ಟೆ ಮುಚ್ಚಿಟ್ಟು ಮರೆತುಬಿಡುತ್ತೀಯಾ? ಸುರಂಗದೊಳಗೆ ಕಲ್ಲು ಕೊರೆಯುವಾಗ ಧೂಳು ಮೋಡದ ಹಾಗೆ ಏಳುತ್ತದಂತೆ, ಪಕ್ಕದ ಬೀದಿಯ ಗಾರೆ ಕೆಲಸದವನು ಹೇಳಿದ. ಮೂಗಿಗೆ ಬಟ್ಟೆ ಕಟ್ಟಿಕೋ. ಚಿಕ್ಕಂದಿನಲ್ಲಿ ನಾನು ಹಿತ್ತಾಳೆ ಉಜ್ಜಿದರೆ ಸಾಕು, ನಿನಗೆ ಏಳು ಸೀನು ಬರುತ್ತಿತ್ತು. ಸರಿಯಾಗಿ ಏಳು, ಆರೂ ಅಲ್ಲ, ಎಂಟೂ ಅಲ್ಲ. ಅಂಗಡಿಗೆ ಬಂದ ಗಿರಾಕಿಗಳು ನಿಂತು ಎಣಿಸಿ ನಗುತ್ತಿದ್ದರು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಬಲಗಿವಿ ಪೂರ್ತಿ ರಜೆ ಹಾಕಿದೆ, ಎಡಗಿವಿ ಅರ್ಧ ದಿನದ ಕೆಲಸಕ್ಕೆ ಬರುತ್ತದೆ. ಅವಳ ಬಗ್ಗೆ ಯಾರಾದರೂ ಪಿಸುಗುಟ್ಟಿದರೆ ಮಾತ್ರ ಎರಡೂ ಒಟ್ಟಿಗೆ ಹಾಜರಾಗುತ್ತವೆ. ನನ್ನ ಕಣ್ಣಿಗೆ ಹೊಸ ಕನ್ನಡಕ ಬಂದಿದೆ. ನಿನ್ನ ಮಗಳು, ನಮ್ಮ ಬಟ್ಟು, ಬೆಳೆದಿದ್ದಾಳೆ. ನೀನು ಬಿಟ್ಟುಹೋದ ನೀಲಿ ಸ್ವೆಟರಿನ ತೋಳನ್ನು ಆಗ ಅವಳು ನಾಲ್ಕು ಮಡಿಕೆ ಮಡಚಬೇಕಿತ್ತು, ಈಗ ಎರಡು ಮಡಿಕೆಗೆ ಸರಿಹೋಗುತ್ತದೆ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳೆಂದು ನಾನೇ ತೂಕದ ಬಟ್ಟಿನ ಹೆಸರಿಟ್ಟು ಕರೆದೆನಲ್ಲ, ಇನ್ನೆರಡು ವರ್ಷಕ್ಕೆ ಆ ಹೆಸರು ಅವಳಿಗೆ ಹೊಂದದೆ ಹೋಗುತ್ತದೆ.

ನೀನು ಹೋಗಿ ಐದು ತಿಂಗಳು ಎಂಟು ದಿನ ಆಯಿತು. ಇದು ನಾನು ನಿನಗೆ ಬರೆಯುತ್ತಿರುವ ಮೊದಲನೆಯ ಕಾಗದ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ನೀನು ಕೇಳುವುದಿಲ್ಲ, ನನಗೂ ಹೇಳುವ ಮುಖವಿಲ್ಲ. ಆದರೆ ಮೊನ್ನೆ ಗುರುವಾರ ನಿನ್ನ ಮಗಳು ನನ್ನನ್ನು ಹಿಡಿದು ಹಾಕಿದಳು. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡುತ್ತಾ ಈ ಪೇಟೆಯವರ ಕಳ್ಳ ತಕ್ಕಡಿಗಳನ್ನು ಹಿಡಿದವನನ್ನು ಏಳನೇ ಕ್ಲಾಸಿನ ಹುಡುಗಿ, ಪೆನ್ಸಿಲು ರಬ್ಬರು ಇಟ್ಟುಕೊಂಡು ಹಿಡಿದಳು. ಅದನ್ನು ನಿನಗೆ ಹೇಳಲೇಬೇಕು. ನೇರವಾಗಿ ಹೇಳಲು ಹೋದರೆ ನಾನು ಅರ್ಧದಲ್ಲೇ ಜಾರಿಕೊಳ್ಳುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಹಾಗಾಗಿ ಕಥೆ ಹೇಳುವ ಹಾಗೆ ಮೊದಲಿನಿಂದ ಹೇಳುತ್ತೇನೆ. ಬೇಸರಿಸದೆ ಕೇಳು.

ನೀನು ಹೊರಟ ದಿನ ಇದೇ ಅಂಗಡಿಯಲ್ಲಿ ನಾವಿಬ್ಬರೂ ಕೂಗಾಡಿದ್ದು ನೀನು ಮರೆತಿರಲಾರೆ. ಸುರಂಗದ ಅಳತೆ, ಎರಡು ವರ್ಷದ ಕೆಲಸ ಎಂದೆ ನೀನು. ಮಗುವಿಗೆ ಅಪ್ಪ ಮೊದಲೇ ಇಲ್ಲ, ಈಗ ಅಮ್ಮನೂ ಬೇಡವೇ ಎಂದೆ ನಾನು. ಅವಳ ಓದಿಗಾಗಿಯೇ ಹೋಗುತ್ತಿರುವುದು ಎಂದು ನೀನು ಮೂರು ಸಲ ಹೇಳಿದೆ. ನಾನು ಮೂರು ಸಲವೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು ಏನು? "ಈ ಬಾಗಿಲು ದಾಟಿದ ಮೇಲೆ ಈ ಮನೆಗೆ ಫೋನು ಗೀನು ಮಾಡಬೇಡ. ನಿನ್ನ ಧ್ವನಿ ಕೇಳಿ ಮಗು ಅಳೋದನ್ನ ನನ್ನಿಂದ ನೋಡೋಕಾಗಲ್ಲ." ಮಗುವಿನ ನೆಪ ಹೇಳಿದೆ, ಅಷ್ಟೇ. ನೋಡಲಾಗದಿದ್ದದ್ದು ನನಗೆ. ನೀನಾದರೋ ಚಿಕ್ಕಂದಿನಿಂದಲೂ ಹಾಗೆಯೇ, ಹೇಳಿದ್ದನ್ನು ಹೇಳಿದಂತೆ ನಡೆಸುವವಳು. ಮುಳ್ಳು ಮುಟ್ಟಬೇಡ ಎಂದರೆ ತಕ್ಕಡಿಯ ಕಡೆಗೇ ಬರುತ್ತಿರಲಿಲ್ಲ. ಬಾಗಿಲು ದಾಟಿದೆ, ಫೋನು ಮಾಡಲಿಲ್ಲ. ತಿಂಗಳಿಗೊಂದು ಕಾಗದ ಮಗುವಿನ ಹೆಸರಿಗೆ ಬಂತು, ಅದರ ಕೊನೆಯಲ್ಲಿ "ತಾತ ಅಜ್ಜಿಗೆ ನಮಸ್ಕಾರ" ಎಂಬ ಒಂದು ಸಾಲು. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದು ಹೇಳಿದರೆ ನೀನು ನಗುತ್ತೀಯ.

ಮಗು ಮಾತ್ರ ಕಾಯುತ್ತಿತ್ತು. ನಮ್ಮ ಮನೆಗೆ ಇರುವುದು ಇದೊಂದೇ ಫೋನು, ಅಂಗಡಿಯ ಗೋಡೆಗೆ ಹೊಡೆದಿರುವುದು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಗೋಡೆ ನೋಡುವಳು, ಆಮೇಲೆ ನನ್ನ ಮುಖ ನೋಡುವಳು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಕೇಳಿದ್ದರೆ ಬಯ್ದಾದರೂ ಬಿಡುತ್ತಿದ್ದೆ. ಹದಿನೈದು ದಿನ ಹಾಗೆ ನೋಡಿದ ಮೇಲೆ, ಒಂದು ಮಂಗಳವಾರ ನನ್ನ ನಾಲಿಗೆ ತಾನಾಗಿ ಆಡಿಬಿಟ್ಟಿತು. "ನಿಮ್ಮಮ್ಮ ಫೋನ್ ಮಾಡಿದ್ದಳು ಕಣೇ, ಹನ್ನೊಂದು ಗಂಟೆಗೆ. ನೀನು ಸ್ಕೂಲಲ್ಲಿದ್ದೆ." ಅವಳ ಮುಖ ನೋಡಬೇಕಿತ್ತಮ್ಮಾ. ಕೆಂಪು ಪೆನ್ಸಿಲು ತಂದು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಹಾಕಿದಳು, ಒಳಗೆ ಹನ್ನೊಂದು ಎಂದು ಬರೆದಳು. ಆ ಸುತ್ತು ಕಂಡ ಮೇಲೆ ನಾನು ಕೆಟ್ಟೆ.

ಆಮೇಲೆ ಹದಿನೈದು ದಿನಕ್ಕೊಂದು, ಒಮ್ಮೊಮ್ಮೆ ಹತ್ತು ದಿನಕ್ಕೊಂದು ಫೋನು ಬರತೊಡಗಿತು. ಎಲ್ಲವೂ ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು. ಮೊದಮೊದಲು ಚಿಕ್ಕ ಮಾತು. ಸ್ವೆಟರ್ ಹಾಕ್ಕೋಬೇಕಂತೆ, ಹಾಲು ಕುಡೀಬೇಕಂತೆ. ಅಷ್ಟಕ್ಕೆ ಅವಳಿಗೆ ತೃಪ್ತಿಯಾಗುತ್ತಿರಲಿಲ್ಲ. "ಇನ್ನೇನು ಹೇಳಿದ್ಲು? ಇನ್ನೇನು?" ನನಗೆ ಕಥೆ ಹೇಳುವ ಚಪಲ ಗೊತ್ತಲ್ಲ, ಹಳ್ಳಿಯಲ್ಲಿ ಕಣದ ಕಾವಲಿಗೆ ಕೂತ ಮುದುಕರ ಬಾಯಿಂದ ಕೇಳಿ ಬೆಳೆದವನು. ಸುರಂಗದ ಬಾಯಲ್ಲಿ ಆನೆ ಕಿವಿಯಷ್ಟು ದೊಡ್ಡ ಫ್ಯಾನು ಇಟ್ಟೆ. ಅಡುಗೆಯವನಿಗೆ ಮಾತಿನ ನಡುವೆ ಬಿಕ್ಕಳಿಸುವ ಚಟ ಅಂಟಿಸಿದೆ. ಐದನೆಯ ಫೋನಿಗೆ ಒಂದು ಬೆಕ್ಕು ತಂದೆ, ನಿನ್ನ ಅಳತೆಯ ಯಂತ್ರದ ಪೆಟ್ಟಿಗೆಯಲ್ಲಿ ಮಲಗುವ ಬೂದು ಬೆಕ್ಕು. ಅದನ್ನು ತಂದು ಸುಮ್ಮನಿರಲಾರದೆ ಏಳನೆಯ ಫೋನಿಗೆ ಮೂರು ಮರಿ ಹಾಕಿಸಿದೆ. ಮಗು ಆ ಮರಿಗಳಿಗೆ ಹೆಸರು ಹುಡುಕುತ್ತಾ ಒಂದು ವಾರ ಕಳೆಯಿತು. ನಾನು ಒಳಗೊಳಗೇ ಹಿಗ್ಗಿದೆ. ಸುಳ್ಳು ಎಂದು ಮರೆತೇಹೋಗಿತ್ತು. ಕೆಲವೊಮ್ಮೆ ಹೇಳುತ್ತಾ ಹೇಳುತ್ತಾ ನಿನ್ನ ಧ್ವನಿ ನನಗೇ ಕೇಳಿಸಿದ ಹಾಗೆ ಆಗುತ್ತಿತ್ತು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿದೆ. ಬಟ್ಟು ನಿನಗೆ ಬರೆದ ಕಾಗದಗಳಲ್ಲಿ "ನೀನು ಫೋನ್ ಮಾಡಿದ್ದೆಯಂತೆ, ತಾತ ಹೇಳಿದ" ಎಂದು ಬರೆದಿರುತ್ತಾಳೆ. ನೀನು ಓದಿರುತ್ತೀಯ. "ನಾನು ಯಾವ ಫೋನೂ ಮಾಡಿಲ್ಲ" ಎಂದು ನೀನು ಒಂದು ಸಾಲು ಬರೆದಿದ್ದರೆ ನನ್ನ ಬಂಡವಾಳ ಅಂದೇ ಬಯಲಾಗುತ್ತಿತ್ತು. ನೀನು ಬರೆಯಲಿಲ್ಲ. ಮಗುವಿಗಾಗಿಯೋ, ನನ್ನ ಮರ್ಯಾದೆಗಾಗಿಯೋ, ಸುಮ್ಮನಿದ್ದೆ. ಪ್ರತಿ ಸಲ ನಿನ್ನ ಕಾಗದ ಬಂದಾಗಲೂ ಅವಳು ಗಟ್ಟಿಯಾಗಿ ಓದುವಾಗ ನಾನು ಕೈಯಲ್ಲಿದ್ದ ಅರ ಕೆಳಗಿಟ್ಟು ಆ ಸಾಲು ಬರುತ್ತದೆಂದು ಕಾಯುತ್ತಿದ್ದೆ. ಬರದಿದ್ದಾಗ ಮತ್ತೆ ಉಜ್ಜಲು ಶುರು ಮಾಡುತ್ತಿದ್ದೆ.

ಹೀಗಿರುವಾಗ ಶಾಲೆಯಲ್ಲಿ ಲೆಕ್ಕದ ಟೀಚರ್ ಹೊಸ ಪಾಠ ತೆಗೆದರು. ಸಂಭವನೀಯತೆ ಅಂತ. ಹೆಸರು ಕೇಳಿ ನಾನು ಹೆದರಿದೆ, ಒಳಗೆ ಇಳಿದು ನೋಡಿದರೆ ನಮ್ಮ ಕಸುಬಿನದೇ ಸಂಗತಿ. ನಾಣ್ಯ ಚಿಮ್ಮಿದರೆ ಎರಡೇ ಮುಖ, ಎರಡಕ್ಕೂ ಸಮಪಾಲು, ಹಾಗಾಗಿ ಒಂದು ಮುಖ ಬೀಳುವ ಸಾಧ್ಯತೆ ಎರಡರಲ್ಲಿ ಒಂದು. ಇದು ಕೂತಲ್ಲೇ ಯೋಚಿಸಿ ಹೇಳುವುದು, ಸೈದ್ಧಾಂತಿಕ. ನಿಜವಾಗಿ ಚಿಮ್ಮಿ, ಎಷ್ಟು ಸಲ ಬಿತ್ತು ಎಂದು ಎಣಿಸಿ, ಒಟ್ಟು ಸಲದಿಂದ ಭಾಗಿಸಿ ಹೇಳುವುದು ಪ್ರಾಯೋಗಿಕ. ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ಆದರೆ ಚಿಮ್ಮುವುದು ಹೆಚ್ಚಿದಷ್ಟೂ ಎರಡೂ ಹತ್ತಿರ ಬರುತ್ತವೆ. ಬರದಿದ್ದರೆ ಎಲ್ಲೋ ಐಬಿದೆ. ನಾನು ಹೊಸ ತಕ್ಕಡಿ ನೋಡುವುದೂ ಹೀಗೆಯೇ ಅಲ್ಲವೇ? ಎರಡು ತಟ್ಟೆಗೂ ಸಮ ತೂಕ ಹಾಕಿ ಹತ್ತು ಸಲ ಎತ್ತಬೇಕು. ಒಂದು ಸಲ ಎಡಕ್ಕೆ ವಾಲಿದರೆ ಗಾಳಿ ಇರಬಹುದು, ಕೈ ತಾಗಿರಬಹುದು. ಹತ್ತೂ ಸಲ ಎಡಕ್ಕೇ ವಾಲಿದರೆ ತಕ್ಕಡಿಯದೇ ತಪ್ಪು. ಇದನ್ನು ಅವಳಿಗೆ ನಾನೇ ಬಲು ಜಂಬದಿಂದ ಹೇಳಿಕೊಟ್ಟೆ.

ಮನೆಯಲ್ಲಿ ಮಾಡಲು ಅವಳು ನನ್ನಿಂದ ಹಿತ್ತಾಳೆ ವಾಷರ್ ಕೇಳಿದಳು, ಹತ್ತು. ಪ್ರತಿಯೊಂದರ ಒಂದು ಮುಖ ಉಜ್ಜಿ ಹೊಳಪು ಮಾಡಬೇಕು, ಇನ್ನೊಂದು ಹಾಗೇ ಮಂಕಾಗಿರಬೇಕು. "ಮೋಸ ಇರಬಾರದು ತಾತ, ಒಂದೊಂದನ್ನೂ ಪರೀಕ್ಷೆ ಮಾಡಿ ಕೊಡು." ನಾನು ಕನ್ನಡಕ ಏರಿಸಿ ಒಂದೊಂದನ್ನೂ ಚಿನ್ನ ತೂಗುವ ಚಿಕ್ಕ ತಕ್ಕಡಿಯಲ್ಲಿಟ್ಟು ನೋಡಿ, ಅಂಚು ಎದ್ದಿದ್ದ ಎರಡನ್ನು ಬಿಸಾಕಿ ಬೇರೆ ಹಾಕಿಕೊಟ್ಟೆ. ನನ್ನ ಮೇಲಿನ ಸಾಕ್ಷಿಗೆ ನಾನೇ ಮುದ್ರೆ ಒತ್ತುತ್ತಿದ್ದೇನೆ ಎಂದು ಆಗ ಯಾರಿಗೆ ಗೊತ್ತು? ಮೊದಲು ಒಂದೇ ವಾಷರ್ ಚಿಮ್ಮಿದಳು. ಹತ್ತು ಸಲದಲ್ಲಿ ಏಳು ಹೊಳಪು. ಐವತ್ತರಲ್ಲಿ ಇಪ್ಪತ್ತೊಂಬತ್ತು. ಇನ್ನೂರರಲ್ಲಿ ನೂರಾ ಮೂರು. "ಅಜ್ಜೀ, ನೋಡು, ಅರ್ಧಕ್ಕೆ ಬರ್ತಾ ಇದೆ!" ಎಂದು ಕುಣಿದಳು. ನಿನ್ನ ಅಮ್ಮ ಕೈ ಒರೆಸುತ್ತಾ ಬಂದು, "ಅರ್ಧ ಅಂತ ಮೊದಲೇ ಗೊತ್ತಿದ್ದ ಮೇಲೆ ಇನ್ನೂರು ಸಲ ಯಾಕೆ ಚಿಮ್ಮಬೇಕೇ? ಬೆರಳು ನೋಯಲ್ವಾ?" ಎಂದಳು. ಮಗು ಅವಳ ಎಡಗಿವಿಗೆ ಬಾಯಿಟ್ಟು, "ಯೋಚನೆ ಮಾಡಿದ್ರೆ ಏನಾಗಬೇಕು ಅಂತ ಗೊತ್ತಾಗುತ್ತೆ ಅಜ್ಜಿ, ಎಣಿಸಿದ್ರೆ ಏನಾಯ್ತು ಅಂತ ಗೊತ್ತಾಗುತ್ತೆ" ಎಂದು ಕೂಗಿತು. ನಿನ್ನ ಅಮ್ಮ ನನ್ನ ಕಡೆ ನೋಡಿ, "ಇವರನ್ನ ಮದುವೆ ಆದಾಗ ನಂಗೂ ಹಾಗೇ ಆಯ್ತು" ಎಂದು ಒಳಗೆ ಹೋದಳು.

ಆಮೇಲೆ ಟೀಚರ್ ಒಂದು ಕೆಲಸ ಕೊಟ್ಟರು. ನಾಣ್ಯ, ದಾಳ ಸಾಕು. ನಿಮ್ಮ ಮನೆಯಲ್ಲಿ ನಿಜವಾಗಿ ನಡೆಯುವ ಯಾವುದಾದರೂ ಒಂದು ಸಂಗತಿ ತೆಗೆದುಕೊಳ್ಳಿ, ಮೊದಲು ಯೋಚಿಸಿ ಹೇಳಿ, ಆಮೇಲೆ ಎಣಿಸಿ ನೋಡಿ ಎಂದು. ಒಬ್ಬ ಹುಡುಗ ಕರೆಂಟು ಹೋಗುವುದನ್ನು ತೆಗೆದುಕೊಂಡ. ಅವಳ ಗೆಳತಿ ಕತ್ತಲಲ್ಲಿ ಕೈ ಹಾಕಿದರೆ ಕಾಲುಚೀಲದ ಜೋಡಿ ಸಿಗುತ್ತದೆಯೇ ಎಂದು ತೆಗೆದುಕೊಂಡಳು. ನಮ್ಮ ಬಟ್ಟು ಏನು ತೆಗೆದುಕೊಂಡಳೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಲ್ಕು ಸಂಜೆ ಅಜ್ಜಿಯನ್ನು ಕೂರಿಸಿಕೊಂಡು ಹತ್ತು ವಾಷರನ್ನೂ ಡಬ್ಬಿಗೆ ಹಾಕಿ ಅಲ್ಲಾಡಿಸಿ ಬಟ್ಟೆಯ ಮೇಲೆ ಸುರಿಸುತ್ತಿದ್ದಳು. ಇನ್ನೂರು ಸಲ ಸುರಿದರಂತೆ. ನಿನ್ನ ಅಮ್ಮ ರಟ್ಟೆ ನೋವಿಗೆ ಎಣ್ಣೆ ಹಚ್ಚಿಸಿಕೊಂಡಳು. ಹತ್ತೂ ಹೊಳಪು ಒಂದು ಸಲವಾದರೂ ಬೀಳುತ್ತದೆಯೇ ಎಂದು ಅವಳು ನೋಡುತ್ತಿದ್ದದ್ದು. ಒಂಬತ್ತು ಹೊಳಪು ಎರಡು ಸಲ ಬಿತ್ತು. ಹತ್ತು ಬೀಳಲೇ ಇಲ್ಲ.

ಗುರುವಾರ ಸಂಜೆ ನಾಲ್ಕು ಗಂಟೆ. ನಾನು ತರಕಾರಿಯವಳ ತಕ್ಕಡಿಯ ಮುಳ್ಳು ನೆಟ್ಟಗೆ ಮಾಡುತ್ತಿದ್ದೆ, ಅವಳು ಎದುರಿನ ಸ್ಟೂಲಿನ ಮೇಲೆ ಕೂತು, ತಾನು ಎಂದೂ ಕಡಿಮೆ ತೂಗಿದವಳಲ್ಲ ಎಂದು ನನಗೆ ತಿಳಿಸುತ್ತಿದ್ದಳು. ಬಟ್ಟು ಯೂನಿಫಾರ್ಮಿನಲ್ಲೇ ಬಂದು, ತಟ್ಟೆಯಲ್ಲಿದ್ದ ತೂಕ ತೆಗೆದು ಅಲ್ಲಿ ನೋಟ್‌ಬುಕ್ಕು ಇಟ್ಟಳು. "ತಾತ, ಹತ್ತು ಸಲ ತೂಗಿದಾಗ ಹತ್ತೂ ಸಲ ಒಂದೇ ಕಡೆ ವಾಲಿದ್ರೆ ಏನು?" ನಾನು ತಲೆ ಎತ್ತದೆ, "ತಕ್ಕಡೀಲಿ ಮೋಸ ಇದೆ" ಎಂದೆ. "ಗಾಳಿ ಇರಬಹುದಲ್ವಾ?" "ಹತ್ತು ಸಲಾನೂ ಅದೇ ಗಾಳಿ ಬೀಸುತ್ತೇನೇ, ಮಂಕೇ?" ಎಂದು ನಾನೇ ನಕ್ಕೆ. ಆಗ ಅವಳು ಪುಟ ತೆಗೆದಳು. ಅಂಗಡಿ ತೆಗೆದಿರುವುದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಹನ್ನೆರಡು ಗಂಟೆ. ಅವಳು ಶಾಲೆಗೆಂದು ಹೊರಗಿರುವುದು ಒಂಬತ್ತರಿಂದ ಮೂರರವರೆಗೆ, ಆರು ಗಂಟೆ. ಹಾಗಾಗಿ ಅಮ್ಮನ ಒಂದು ಫೋನು ಅವಳಿಲ್ಲದಾಗ ಬರುವ ಸಾಧ್ಯತೆ ಸರಿಯಾಗಿ ಅರ್ಧ. ಎರಡೂ ಫೋನು ಅವಳಿಲ್ಲದಾಗಲೇ ಬರುವುದು ನಾಲ್ಕರಲ್ಲಿ ಒಂದು, ಮೂರೂ ಎಂದರೆ ಎಂಟರಲ್ಲಿ ಒಂದು. ಹೀಗೆ ಇಮ್ಮಡಿಸುತ್ತಾ ಹೋಗಿ, ಹತ್ತೂ ಎಂದರೆ ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು. ಡಬ್ಬಿಯ ಒಂದೊಂದು ವಾಷರೂ ಒಂದೊಂದು ಫೋನಿನ ಲೆಕ್ಕವಂತೆ. ಕ್ಯಾಲೆಂಡರಿನಲ್ಲಿ ಹತ್ತು ಕೆಂಪು ಸುತ್ತು, ಹತ್ತೂ ಒಂಬತ್ತರಿಂದ ಮೂರರ ಒಳಗೆ. "ಭಾನುವಾರ ಲೆಕ್ಕಕ್ಕೇ ಹಿಡಿದಿಲ್ಲ ತಾತ. ಹಿಡಿದ್ರೆ ಇನ್ನೂ ಕಷ್ಟ ಆಗುತ್ತೆ" ಎಂದಳು.

ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವಳು ಹಿಡಿದದ್ದು ನನ್ನನ್ನಲ್ಲ ಮಗಳೇ. ಅವಳಿಗೆ ನನ್ನ ಮೇಲೆ ಅನುಮಾನವೇ ಬಂದಿರಲಿಲ್ಲ. "ನನ್ನ ಟೈಮ್‌ಟೇಬಲ್ಲು ನಾನೇ ಅಮ್ಮಂಗೆ ಬರೆದು ಕಳಿಸಿದ್ದೆ, ನಾನು ಮನೇಲಿರೋವಾಗ ಮಾಡ್ಲಿ ಅಂತ. ಅವಳು ಅದನ್ನ ನೋಡ್ಕೊಂಡು ನಾನಿಲ್ಲದಾಗಲೇ ಮಾಡ್ತಾಳೆ. ನಿನ್ನ ಹತ್ರ ಮಾತಾಡ್ತಾಳೆ, ನಗ್ತಾಳೆ, ಬೆಕ್ಕಿನ ಕಥೆ ಎಲ್ಲಾ ಹೇಳ್ತಾಳೆ. ನನ್ನ ಹತ್ರ ಮಾತ್ರ ಬೇಡ." ಇಷ್ಟನ್ನೂ ಒಂದಿಷ್ಟೂ ಅಳದೆ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಕೆಳಗೆ ಉತ್ತರ ಎಂದು ಬರೆದು ಅಡಿಗೆರೆಯನ್ನೂ ಎಳೆದಿದ್ದಳು. ಅವಳ ಮನಸ್ಸು ನೋಯಬಾರದೆಂದು ನಾನು ಕಟ್ಟಿದ ಸುಳ್ಳು ಹೋಗಿ ಹೋಗಿ ನಿನ್ನ ತಲೆಯ ಮೇಲೆ ಕೂತಿತ್ತು. ಮಗುವಿನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಅವಳಿಗೆ ನಾನು ಕೊಟ್ಟ ಸರಕೇ ಖೋಟಾ.

ಆಗಲೂ ಒಂದು ಕ್ಷಣ ಹನ್ನೊಂದನೆಯ ಕಥೆ ಕಟ್ಟೋಣವೇ ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಸುರಂಗದ ಫೋನಿಗೆ ಬೆಳಿಗ್ಗೆ ಹೊತ್ತು ಮಾತ್ರ ಲೈನು ಸಿಗುತ್ತದೆ ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು. ನನ್ನನ್ನು ಹಾಗೆ ನಂಬುವವಳು ಎಂಬುದೇ ನನ್ನ ಬಾಯಿ ಕಟ್ಟಿತು. "ಒಂದೂ ಬಂದಿಲ್ಲ ಕಣಮ್ಮಾ" ಎಂದೆ. "ಹತ್ತೂ ನಾನೇ ಕಟ್ಟಿದ್ದು. ನಿಮ್ಮಮ್ಮಂಗೆ ಫೋನ್ ಮಾಡಬೇಡ ಅಂದವನೂ ನಾನೇ." ಅವಳು ನನ್ನನ್ನೇ ನೋಡಿದಳು. "ಒಂದೂ?" "ಒಂದೂ." "ಬೆಕ್ಕು?" "ಬೆಕ್ಕೂ ಇಲ್ಲ." ಆಮೇಲೆ ಬಲು ಮೆಲ್ಲಗೆ, "ಮರಿಗಳು?" ನಾನು ತಲೆ ಅಲ್ಲಾಡಿಸಿದೆ. "ಮೂರೂ ಇಲ್ವಾ ತಾತ?" ಎಂದವಳು ಆಗ ಅತ್ತಳು ನೋಡು. ಫೋನಿಗೆ ಅಳದವಳು, ಇಲ್ಲದ ಮೂರು ಮರಿಗಳಿಗೆ ಅಂಗಡಿಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತರಕಾರಿಯವಳು ತಕ್ಕಡಿ ಬಿಟ್ಟು ಅವಳನ್ನು ಎತ್ತಿಕೊಂಡಳು.

ಒಳಗಿನಿಂದ ನಿನ್ನ ಅಮ್ಮ ಬಂದು ಏನಾಯ್ತು ಎಂದಳು. ಅವಳಿಗೆ ಮೆಲ್ಲಗೆ ಹೇಳುವ ಹಾಗಿಲ್ಲವಲ್ಲ, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ತಪ್ಪೊಪ್ಪಿಕೊಳ್ಳಬೇಕಾಯಿತು. "ಅವಳು ಫೋನೇ ಮಾಡಿಲ್ಲ ಕಣೇ! ನಾನು ಹೇಳಿದ್ದೆಲ್ಲ ಸುಳ್ಳು!" ಎದುರಿನ ಬೀಗದ ಅಂಗಡಿಯವನು ಹೊರಗೆ ಬಂದು ನಿಂತ. ನಿನ್ನ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗೆ ಗೊತ್ತಿತ್ತು. ಆ ಫೋನು ಹೊಡ್ಕೊಂಡ್ರೆ ಗೋಡೆಯ ಆಚೆ ನನ್ನ ಪಾತ್ರೆ ಗೂಡು ನಡುಗುತ್ತೆ. ಕಿವಿ ಕೇಳದಿದ್ರೇನು, ಕೈ ಇಲ್ವಾ? ನೀವು ಹೇಳಿದ ಒಂದು ದಿನಾನೂ ಅದು ನಡುಗಲಿಲ್ಲ." ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ. ಅವಳು ಸೆರಗಿನಿಂದ ಮಗುವಿನ ಮೂಗು ಒರೆಸುತ್ತಾ, "ಕೇಳೋಕೆ ಚೆನ್ನಾಗಿತ್ತು. ಹಾಗೇ ಇರ್ಲಿ ಅಂತ ಸುಮ್ಮನಿದ್ದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಊರವರ ತಕ್ಕಡಿ ಮುಳ್ಳೆಲ್ಲ ನೆಟ್ಟಗೆ ಮಾಡ್ತೀರಿ. ನಿಮ್ಮ ನಾಲಿಗೆ ಯಾರ ಹತ್ರ ತಗೊಂಡು ಹೋಗ್ಲಿ?" ಎಂದು ಕೇಳಿದಳು.

ಮುಖ ತೊಳೆದುಕೊಂಡು ಬಂದ ಮೇಲೆ ಬಟ್ಟು ನೋಟ್‌ಬುಕ್ಕು ತೆಗೆದು ಆ ಪುಟದಲ್ಲಿ ಫೋನಿಗೊಂದರಂತೆ ಎಳೆದಿದ್ದ ಹತ್ತೂ ಗೆರೆಗಳನ್ನು ಅಳಿಸಿದಳು. ಉತ್ತರವನ್ನೂ ಅಳಿಸಿದಳು, ಕಾಗದ ಹರಿಯುವಷ್ಟು ಉಜ್ಜಿ. ಹಾಗಾದರೆ ನಿನ್ನ ಪ್ರಾಯೋಗಿಕ ಸಂಭವನೀಯತೆ ಸೊನ್ನೆಯಾಯಿತಲ್ಲ ಎಂದು ನಾನು ಅಂಜುತ್ತಾ ಕೇಳಿದೆ. ಮೇಷ್ಟ್ರ ಹಾಗೆ ನನ್ನನ್ನು ನೋಡಿದಳು. "ಹತ್ತು ಫೋನ್ ಬಂದು, ಹತ್ತರಲ್ಲೂ ನಾನು ಮನೇಲಿರಲಿಲ್ಲ ಅಂದ್ರೆ, ನಾನಿರೋವಾಗ ಬರೋ ಸಾಧ್ಯತೆ ಸೊನ್ನೆ. ಫೋನೇ ಬಂದಿಲ್ಲ ಅಂದ್ರೆ ಒಟ್ಟು ಸಲಾನೇ ಸೊನ್ನೆ. ಸೊನ್ನೆಯಿಂದ ಭಾಗ ಮಾಡೋ ಹಾಗಿಲ್ಲ ತಾತ. ಅದಕ್ಕೆ ಉತ್ತರಾನೇ ಇಲ್ಲ." ಹಾಗಾದರೆ ಏನು ಬರೆಯುತ್ತೀ ಎಂದೆ. ಅವಳು ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ: "ಪ್ರಯೋಗ ಇನ್ನೂ ಶುರುವಾಗಿಲ್ಲ." ಅಷ್ಟೇ ಬರೆದು ಶುಕ್ರವಾರ ಕೊಟ್ಟುಬಂದಳು. ಟೀಚರ್ ಏನೂ ಬಯ್ಯಲಿಲ್ಲವಂತೆ. ಶನಿವಾರ ವಾಪಸು ಬಂದ ಪುಟದಲ್ಲಿ ಮಾರ್ಕಿನ ಜಾಗ ಖಾಲಿ ಬಿಟ್ಟು, ಶುರುವಾದ ದಿನ ನನಗೂ ತಿಳಿಸು ಎಂದು ಬರೆದಿದ್ದಾರೆ.

ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿಲ್ಲ, ಆದರೆ ಮೊದಲಿನ ಹಾಗಿಲ್ಲ. ನಾಳೆ ಬಿಸಿಲು ಜೋರಿರುತ್ತೆ ಎಂದರೆ "ಎಣಿಸಿ ಹೇಳ್ತಿದ್ದೀಯಾ, ಸುಮ್ನೆ ಹೇಳ್ತಿದ್ದೀಯಾ?" ಎಂದು ಕೇಳುತ್ತಾಳೆ. ಊಟಕ್ಕೆ ಅಜ್ಜಿ ಕರೀತಿದ್ದಾಳೆ ಎಂದರೂ ಒಳಗೆ ಇಣುಕಿ ಖಾತ್ರಿ ಮಾಡಿಕೊಂಡು ಏಳುತ್ತಾಳೆ. ನಗು ಬರುತ್ತದೆ, ಅದರ ಹಿಂದೆಯೇ ಇನ್ನೊಂದೂ ಬರುತ್ತದೆ. ಕಥೆ ಹೇಳು ತಾತ ಎಂದು ಕೇಳಿ ಮೂರು ದಿನವಾಯಿತು. ಶಾಲೆಯಿಂದ ಬಂದವಳು ಈಗ ಗೋಡೆಯ ಕಡೆ ನೋಡುವುದನ್ನೂ ಬಿಟ್ಟಿದ್ದಾಳೆ. ನೇರವಾಗಿ ಒಳಗೆ ಹೋಗುತ್ತಾಳೆ. ಅವಳು ನೋಡುತ್ತಿದ್ದಾಗ ಸಂಕಟವಾಗುತ್ತಿತ್ತು, ನೋಡದಿರುವಾಗ ಅದಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ಭಾನುವಾರದ ಮಧ್ಯಾಹ್ನ ಪೇಟೆ ಬಾಗಿಲು ಹಾಕಿರುತ್ತದೆ. ಈ ಹೊತ್ತಿನಲ್ಲಿ ನೀನು ಇಲ್ಲೇ ಈ ಬೆಂಚಿನ ತುದಿಯಲ್ಲಿ ಕೂತು ನಕ್ಷೆಗೆ ಪೆನ್ಸಿಲು ಚೂಪು ಮಾಡುತ್ತಿದ್ದೆ. ಆ ಸಣ್ಣ ಸದ್ದು ಇಲ್ಲದೆ ಈ ಅಂಗಡಿಯಲ್ಲಿ ಎಷ್ಟು ಜಾಗವಿದೆ ಎಂದು ಈಗ ಗೊತ್ತಾಗುತ್ತಿದೆ.

ನಿನ್ನ ಕೆಲಸ ಚೆನ್ನಾಗಿ ನಡೆಯಲಿ. ಎರಡು ಕಡೆಯಿಂದ ಕೊರೆದುಕೊಂಡು ಬಂದವರು ಬೆಟ್ಟದ ನಡುವೆ ಒಂದೇ ಮಟ್ಟದಲ್ಲಿ ಸಂಧಿಸಬೇಕಂತಲ್ಲ, ಅಳತೆ ನೀನು ತೆಗೆದದ್ದಾದರೆ ಸಂಧಿಸಿಯೇ ಸಂಧಿಸುತ್ತಾರೆ. ಇದನ್ನು ನೀನು ಹೊರಟ ದಿನ ಹೇಳಬೇಕಿತ್ತು. ನಿನ್ನ ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಕಾಲಿಗೆ ತಣ್ಣೀರು ಸೋಕಿಸಬೇಡವಂತೆ. ತರಕಾರಿಯವಳೂ ಕೇಳಿದೆ ಎಂದು ಹೇಳಲು ಹೇಳಿದ್ದಾಳೆ. ನೂರು ಕಾಲ ಸುಖವಾಗಿರು ತಾಯೀ.

ಇಂತು ನಿನ್ನ,
ಅಪ್ಪ

ಮರೆತಿದ್ದೆ: ಸೋಮವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಅಂದು ಆಡಿದ ಮಾತನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ತಪ್ಪು ನನ್ನದು. ನಂಬರು ಅದೇ ಇದೆ. ಬರುವ ಸೋಮವಾರದಿಂದ ಪ್ರತಿದಿನ ಸಂಜೆ ಐದರಿಂದ ಏಳರವರೆಗೆ ನಾನು ಅಂಗಡಿಯಲ್ಲಿ ಇರುವುದಿಲ್ಲ. ನಿನ್ನ ಅಮ್ಮನಿಗೆ ಕೇಳುವುದಿಲ್ಲ, ಹಾಗಾಗಿ ಫೋನು ಎತ್ತುವವಳು ಬಟ್ಟು ಒಬ್ಬಳೇ. ನನ್ನ ಧ್ವನಿ ಎದುರಾದೀತೆಂದು ಹಿಂಜರಿಯಬೇಡ. ಅವಳಿಗೆ ಇದನ್ನು ಹೇಳಿಲ್ಲ. ಹೇಳಿದರೆ ಮತ್ತೆ ಕಾಯಲು ಕೂರುತ್ತಾಳೆ, ಈ ಸಲ ಕಾಯುವವನು ನಾನೊಬ್ಬನೇ ಸಾಕು. ಅವಳ ಜೊತೆ ಮಾತು ಮುಗಿದ ಮೇಲೆ, ಅಕಸ್ಮಾತ್ ತಾತ ಎಲ್ಲಿ ಎಂದು ಕೇಳಬೇಕೆನ್ನಿಸಿದರೆ, ನಾನು ಎದುರಿನ ಬೀಗದ ಅಂಗಡಿಯ ಮೆಟ್ಟಿಲ ಮೇಲೆ ಇರುತ್ತೇನೆ. ಅವಳು ಬಾಗಿಲಿಗೆ ಬಂದು ಒಂದು ಸಲ ಕೂಗಿದರೆ ಕೇಳಿಸುತ್ತದೆ.